ನಲವತ್ತು ದಾಟಿದ ಮೇಲೆ ಗಾಲ್ಫ್: ಮೊದಲ ಸೆಟ್ ಹೇಗಿರಬೇಕು?

ಪ್ರಶ್ನೆ:
ನಾನೂ ನನ್ನ ಪತ್ನಿಯೂ ಎರಡು ತಿಂಗಳಿಂದ ಬೆಂಗಳೂರಿನ ಡ್ರೈವಿಂಗ್ ರೇಂಜ್ (ಗಾಲ್ಫ್ ಹೊಡೆತಗಳ ಅಭ್ಯಾಸದ ಮೈದಾನ) ಒಂದರಲ್ಲಿ ಬಾಡಿಗೆಯ ಕ್ಲಬ್‌ಗಳನ್ನು, ಅಂದರೆ ಗಾಲ್ಫ್ ಕೋಲುಗಳನ್ನು, ಹಿಡಿದು ಅಭ್ಯಾಸ ಮಾಡುತ್ತಿದ್ದೇವೆ. ಸ್ವಂತಕ್ಕೆ ಕೊಳ್ಳುವುದಾದರೆ ಪೂರ್ಣ ಸೆಟ್ ಬೇಕೇ? ಇಬ್ಬರಿಗೂ ಒಂದೇ ಸೆಟ್ ಸಾಕಾದೀತೇ? ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1:
ನಿಯಮದಲ್ಲಿರುವ 14 ಕ್ಲಬ್ ಎಂಬುದು ಗರಿಷ್ಠ ಮಿತಿಯೇ ಹೊರತು ಅಷ್ಟೂ ಇರಲೇಬೇಕೆಂದಿಲ್ಲ. ದೂರದ ಹೊಡೆತಕ್ಕೆ ಒಂದು ಫೇರ್‌ವೇ ವುಡ್ ಮತ್ತು ಒಂದು ಹೈಬ್ರಿಡ್, ಮಧ್ಯಮ ದೂರಕ್ಕೆ 7 ಮತ್ತು 9ನೇ ಐರನ್, ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಜ್, ಮರಳಿನಿಂದ ಚೆಂಡೆತ್ತಲು ಸ್ಯಾಂಡ್ ವೆಜ್, ಕುಳಿಗೆ ಉರುಳಿಸಲು ಪಟರ್ ಇದ್ದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. 3 ಮತ್ತು 4ನೇ ಐರನ್‌ಗಳ ಮುಖದ (ಚೆಂಡಿಗೆ ತಾಗುವ ಭಾಗದ) ಓರೆ ಕಡಿಮೆಯಿರುವುದರಿಂದ ಹೊಸಬರ ಹೊಡೆತಕ್ಕೆ ಚೆಂಡು ಸುಲಭವಾಗಿ ಮೇಲೇಳುವುದಿಲ್ಲ. ಅವುಗಳಿಗೆ ಹಣ ಹಾಕಬೇಡಿ.

ಉತ್ತರ 2:
ಒಂದೇ ಸೆಟ್ಟನ್ನು ಹಂಚಿಕೊಳ್ಳಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎತ್ತರವೂ ಸ್ವಿಂಗ್‌ನ ವೇಗವೂ ಬೇರೆಯಾದಾಗ ಶಾಫ್ಟ್‌ನ (ಕ್ಲಬ್‌ನ ಉದ್ದನೆಯ ದಂಡದ) ಉದ್ದ ಮತ್ತು ಬಾಗುವ ಗುಣವೂ ಬೇರೆಯಾಗಬೇಕು. ಆರಂಭದಲ್ಲಿ ಬಿಗಿಯಾದ ಸ್ಟೀಲ್ ಶಾಫ್ಟ್ ಬಳಸಿ ನನ್ನ ಮೊಣಕೈ ತಿಂಗಳುಗಟ್ಟಲೆ ನೋಯುತ್ತಿತ್ತು. ಹಗುರವಾದ ಗ್ರಾಫೈಟ್‌ಗೆ ಬದಲಾಯಿಸಿದ ಮೇಲೆ ನೋವು ಕಡಿಮೆಯಾಯಿತು. ಕೊಳ್ಳುವ ಮುನ್ನ 7ನೇ ಐರನ್‌ನ ತಳಕ್ಕೆ ಟೇಪ್ ಅಂಟಿಸಿ, ಗಟ್ಟಿ ಹಲಗೆಯ ಮೇಲಿಂದ ಕೆಲವು ಹೊಡೆತ ಹೊಡೆದು ನೋಡಿ. ಉಜ್ಜಿದ ಗುರುತು ತಳದ ನಡುವೆ ಬಿದ್ದರೆ ತಳಕ್ಕೂ ಶಾಫ್ಟ್‌ಗೂ ನಡುವಿನ ಕೋನ ನಿಮಗೆ ಹೊಂದುತ್ತದೆ. ಕ್ಲಬ್ ತಲೆಯ ತುದಿಯ ಕಡೆಗೋ ಹಿಮ್ಮಡಿಯ (ಶಾಫ್ಟ್ ಸೇರುವ ಬದಿಯ) ಕಡೆಗೋ ಸರಿದಿದ್ದರೆ ಅದನ್ನು ತಿದ್ದಿಸಬೇಕು.

ಉತ್ತರ 3:
ಎರಡು ಅರ್ಧ ಸೆಟ್‌ಗಳನ್ನು (ಪೂರ್ಣ ಸೆಟ್‌ನ ಸುಮಾರು ಅರ್ಧದಷ್ಟು ಕ್ಲಬ್‌ಗಳಿರುವವು) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದೇ ಜಾಣತನ. ಗ್ರಿಪ್ (ಕೈಹಿಡಿಯ ಹೊದಿಕೆ) ಗಟ್ಟಿಯಾಗಿ ಜಾರುತ್ತಿದ್ದರೆ ಚಿಂತೆಯಿಲ್ಲ, ಹೊಸದು ಹಾಕಿಸಬಹುದು. ಆದರೆ ವೆಜ್‌ಗಳ ಮುಖದಲ್ಲಿ ಕೊರೆದಿರುವ ಗೆರೆಗಳ ಮೇಲೆ ಉಗುರಾಡಿಸಿ ನೋಡಿ. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಗೆರೆಗಳು ಸವೆದಿವೆಯೆಂದರ್ಥ, ಆ ವೆಜ್ ಬೇಡ.