ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣವೇ? ಮಾತ್ರೆ ಬಿಡಬಹುದೇ?

ಪ್ರಶ್ನೆ (ಸಿರುಗುಪ್ಪದಿಂದ):
ನಮ್ಮಣ್ಣ ನಸುಕಿನ 3 ಗಂಟೆಗೇ ಎಚ್ಚರಗೊಂಡು ಕಟ್ಟೆಯ ಮೇಲೆ ಕೂರುತ್ತಾನೆ. ಅವ್ವ ಬಡಿದ ರೊಟ್ಟಿಯನ್ನು ಚೂರು ಚೂರು ಮುರಿದು ತಟ್ಟೆಯಲ್ಲೇ ಬಿಡುತ್ತಾನೆ. ಬಳ್ಳಾರಿಯ ವೈದ್ಯರೊಬ್ಬರು ಮಿದುಳಿನಲ್ಲಿ ಸೆರೊಟೋನಿನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಕಡಿಮೆಯಾಗಿದೆಯೆಂದು ಹೇಳಿ ಎಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟಿದ್ದಾರೆ. 12 ದಿನವಾದರೂ ಗುಣ ಕಂಡಿಲ್ಲ. ಈ ಸಿದ್ಧಾಂತವೇ ಸುಳ್ಳೆಂಬ ವಿಡಿಯೊ ನೋಡಿ, ಮಾತ್ರೆ ಬಿಡುವೆನೆಂದು ಹಟ ಹಿಡಿದಿದ್ದಾನೆ. ರಕ್ತದಲ್ಲಿ ಸೆರೊಟೋನಿನ್ ಅಳೆಸಿದರೆ ತಿಳಿಯುವುದೇ?

ಉತ್ತರ 1:
ತಿಳಿಯುವುದಿಲ್ಲ, ಆ ಹಣ ಉಳಿಸಿಕೊಳ್ಳಿ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ಭಾಗ ಕರುಳಿನಲ್ಲಿ ತಯಾರಾಗುತ್ತದೆ. ರಕ್ತದ ಕಿರುಬಿಲ್ಲೆಗಳಲ್ಲಿ (ಪ್ಲೇಟ್‌ಲೆಟ್) ಇರುವುದು ಅದೇ, ಮತ್ತು ಅದು ಮಿದುಳಿನ ತಡೆಗೋಡೆಯನ್ನು ದಾಟದು.

ಉತ್ತರ 2:
ಈ ಕಲ್ಪನೆ ಬೆಳೆದುದೇ ಔಷಧಗಳಿಂದ. 1950ರ ದಶಕದಲ್ಲಿ ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ, ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಸೆರೊಟೋನಿನ್ ಮೊದಲಾದವುಗಳ ದಾಸ್ತಾನನ್ನು ಬರಿದು ಮಾಡುತ್ತಿತ್ತು, ಕೆಲವರು ಅದರಿಂದ ಮಂಕಾದರೆಂದು ವರದಿಯಾಯಿತು. ಅತ್ತ ಕ್ಷಯಕ್ಕೆ ಕೊಟ್ಟ, ಸೆರೊಟೋನಿನ್ ಮೊದಲಾದವು ಒಡೆದುಹೋಗದಂತೆ ತಡೆಯುವ ಇಪ್ರೊನಿಯಾಜಿಡ್‌ನಿಂದ ರೋಗಿಗಳು ಗೆಲುವಾದರು. ಇವೆರಡನ್ನೂ ಜೋಡಿಸಿ ಕೊರತೆಯ ಊಹೆ ಹುಟ್ಟಿತು. ಆದರೆ ಒಣಮೆಣಸಿನಕಾಯಿ ಘಾಟಿಗೆ ಕೆಮ್ಮುವವನಿಗೆ ಬೆಲ್ಲ ಕೊಟ್ಟು ಕೆಮ್ಮು ನಿಂತರೆ, ಅವನ ಮೈಯಲ್ಲಿ ಬೆಲ್ಲ ಕಡಿಮೆಯಿತ್ತು ಎನ್ನಲಾದೀತೇ? 2022ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಜೊಆನಾ ಮಾಂಕ್ರೀಫ್ ಮತ್ತಿತರರು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಕೊರತೆಗೆ ಸ್ಥಿರವಾದ ಪುರಾವೆಯಿಲ್ಲ ಎಂದರು. ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದನ್ನು ಆ ಪರಿಶೀಲನೆ ಅಳೆದಿರಲಿಲ್ಲ. ವಿಡಿಯೊದವರು ನುಂಗುವುದು ಈ ಮಾತನ್ನೇ. ಔಷಧವೇ ಇಲ್ಲದ ಹುಸಿ ಗುಳಿಗೆಗಿಂತ ಈ ಮಾತ್ರೆಗಳು ಸರಾಸರಿ ಸ್ವಲ್ಪ ಮೇಲು ಎಂಬುದು ಬೇರೆ ಪ್ರಯೋಗಗಳಲ್ಲಿ ಕಂಡಿದೆ. ನರಕೋಶಗಳು ಸೆರೊಟೋನಿನ್ ಅನ್ನು ಮತ್ತೆ ಒಳಗೆ ಹೀರಿಕೊಳ್ಳುವುದನ್ನು ಮಾತ್ರೆ ಕೆಲವೇ ಗಂಟೆಗಳಲ್ಲಿ ತಡೆದರೂ ಮನಸ್ಸು ಹಗುರಾಗಲು 2ರಿಂದ 6 ವಾರ ಬೇಕಾಗುವುದರಿಂದ, ನರಕೋಶಗಳು ನಿಧಾನವಾಗಿ ಹೊಂದಿಕೊಳ್ಳುವುದೇ ಮುಖ್ಯವೆಂದು ಬಹಳ ಸಂಶೋಧಕರು ಭಾವಿಸುತ್ತಾರೆ. ಹೀಗಾಗಿ 12 ದಿನ ಸಾಲದು.

ಉತ್ತರ 3:
ತಟಕ್ಕನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ರೆಗೇಡು, ಕರೆಂಟು ಹೊಡೆದಂತಹ ಝುಮ್ಮು ಬರಬಹುದು. ಬಿಡುವುದಿದ್ದರೂ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಸಾಯುವ ಮಾತೆತ್ತಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಮನೋರೋಗದ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯುವ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆಸಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ವಿಡಿಯೊ ನಂಬುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲೂ ಒಮ್ಮೆ ವಿಚಾರಿಸಿ.

ಪ್ರಶ್ನೆ ಕೇಳಿದವರು:
ರಕ್ತಪರೀಕ್ಷೆಯ ವಿಚಾರ ಬಿಟ್ಟೆವು. ಸೋಮವಾರ ನಾನೂ ಜೊತೆಗೆ ಹೋಗುತ್ತೇನೆ. ನಸುಕಿನ ಎಚ್ಚರದ ವಿಷಯವನ್ನು ಅಣ್ಣ ವೈದ್ಯರಿಗೆ ಹೇಳಿಯೇ ಇಲ್ಲವಂತೆ.