ಸಹಾಯ ಬೇಕು: ಗೇಟಿನ ಮುಂದಿನ ರ‍್ಯಾಂಪ್ ತೆಗೆಸಿ ಫುಟ್‌ಪಾತ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಬಡಾವಣೆ. ಹಾಲಿನ ಬೂತ್, ಪಾರ್ಕು, ಶಾಲೆ ಎಲ್ಲಾ ನಡೆದು ಹೋಗುವಷ್ಟೇ ದೂರ. ಆದರೆ ನಡೆಯೋಕೆ ಜಾಗ ಇಲ್ಲ. ಫುಟ್‌ಪಾತ್ ಮೇಲೆ ಒಬ್ಬರ ಕಾರಿನ ರ‍್ಯಾಂಪ್, ಪಕ್ಕದವರು ಕಬ್ಬಿಣದ ಬೇಲಿ ಹಾಕಿದ ಕೈತೋಟ, ಅದು ಮುಗಿದರೆ ಟ್ರಾನ್ಸ್‌ಫಾರ್ಮರ್. ವಯಸ್ಸಾದವರು ಕೋಲು ಊರಿಕೊಂಡು ಬೈಕುಗಳ ನಡುವೆ ರಸ್ತೆಯಲ್ಲೇ ಹೋಗುತ್ತಾರೆ. ನೋಡಿದರೆ ಸಂಕಟ ಆಗುತ್ತದೆ.

ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಐಆರ್‌ಸಿ 103 ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಗಲ ಯಾವ ಅಡ್ಡಿಯೂ ಇರಬಾರದು. ಅದನ್ನು ಪ್ರಿಂಟ್ ತೆಗೆದು ಮನೆಮನೆಗೆ ಹಂಚಿದೆವು. ಸಂಘದ ಸಭೆ ಕರೆದೆವು. ಪಾಲಿಕೆಗೂ ಅರ್ಜಿ ಕೊಟ್ಟೆವು.

ಈಗ ಸಿಕ್ಕಿಕೊಂಡಿರೋದು ಇಲ್ಲಿ. ಎಂಜಿನಿಯರ್ "ಮೊದಲು ರ‍್ಯಾಂಪ್ ತೆಗೆಸಿ, ಆಮೇಲೆ ಎಸ್ಟಿಮೇಟ್" ಅಂತಾರೆ. ಮನೆಯವರು "ಮೊದಲು ಕೆಲಸ ಶುರುವಾಗಲಿ, ನಾವೇ ತೆಗೀತೀವಿ" ಅಂತಾರೆ. ನೋಟಿಸ್ ಕೊಡಿಸಿ ಅಂತ ಕೆಲವರ ಸಲಹೆ. ಆದರೆ ಗಣೇಶನ ಹಬ್ಬಕ್ಕೆ ಒಟ್ಟಿಗೆ ಪೆಂಡಾಲ್ ಹಾಕೋರು ನಾವು, ಸುಮ್ನೆ ಮನಸ್ಸು ಮುರಿಯೋದು ಬೇಡ ಅಲ್ವಾ?

ಇಂಥ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಮೊದಲು ಶುರು ಮಾಡಿದ್ದು ಯಾರು? ಒಂದೇ ಅಡ್ಡರಸ್ತೆಯವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಹೋದರೆ ಪಾಲಿಕೆಯವರು ಅಷ್ಟಕ್ಕೇ ಎಸ್ಟಿಮೇಟ್ ಹಾಕುತ್ತಾರಾ?