ಡಿಗ್ರಿ ಅರ್ಧಕ್ಕೆ ಬಿಟ್ಟವ್ರ ಕ್ರೆಡಿಟ್ ಏನಾಗುತ್ತೆ? ಕೊಡಗಿನ ಮಕ್ಕಳ ಪ್ರಶ್ನೆ, ಒಬ್ರು ಮೇಷ್ಟ್ರ ಉತ್ತರ

ಪ್ರಶ್ನೆ (ಸೋಮವಾರಪೇಟೆ ಕಡೆಯಿಂದ):
ನಮಸ್ತೆ ಸರ್. ನಾನು 2022ರಲ್ಲಿ ಬಿಕಾಂ ಸೇರಿದ್ದೆ, ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್. ನಾಲ್ಕು ಸೆಮಿಸ್ಟರ್ ಮುಗ್ಸಿ 2024ರಲ್ಲಿ ಬಿಟ್ಟೆ, ಅಪ್ಪಂಗೆ ಹುಷಾರಿರ್ಲಿಲ್ಲ, ತೋಟ ನೋಡೋರು ಯಾರೂ ಇರ್ಲಿಲ್ಲ. ಎಲ್ಲಾ ಪೇಪರ್ ಪಾಸಾಗಿದೆ. ಈಗ 2026ರಲ್ಲಿ ಮತ್ತೆ ಸೇರೋಣ ಅಂತಿದೀನಿ. ಒಬ್ರು ಮೊದಲ್ನೇ ವರ್ಷದಿಂದ ಶುರು ಮಾಡ್ಬೇಕು ಅಂತಾರೆ, ಇನ್ನೊಬ್ರು ಕ್ರೆಡಿಟ್ (ಪಾಸಾದ ಓದಿಗೆ ಸಿಗೋ ಲೆಕ್ಕ) ಇದ್ರೆ ದೇಶದಲ್ಲಿ ಎಲ್ಲಿ ಬೇಕಾದ್ರೂ ಮೂರನೇ ವರ್ಷಕ್ಕೆ ಸೇರ್ಬಹುದು ಅಂತಾರೆ. ಮೈಸೂರಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿ ಸೇರೋಕಾಗುತ್ತಾ?

ಉತ್ತರ:
ಮೊದ್ಲು ಒಂದು ಮಾತು ತಂಗಿ, ಮೊದಲ್ನೇ ವರ್ಷದಿಂದ ಶುರು ಮಾಡ್ಬೇಕು ಅಂದವ್ರ ಮಾತು ಕೇಳಿ ಫೀಸ್ ಕಟ್ಬಿಡ್ಬೇಡಿ. ನೀವು ಓದಿದ್ದು ಎಲ್ಲೂ ಹೋಗಿಲ್ಲ. ಆದ್ರೆ ಎಲ್ಲಿ ಬೇಕಾದ್ರೂ ಸೇರ್ಬಹುದು ಅನ್ನೋದೂ ಪೂರ್ತಿ ನಿಜ ಅಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾಲೇಜು ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡೋವಾಗ ಇದೇ ಗೊಂದಲ ಹೊತ್ಕೊಂಡು ಬಂದ ಮಕ್ಕಳನ್ನ ತುಂಬಾ ನೋಡಿದೀನಿ.

2021ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ತಂತು, ಎಲ್ರೂ ಎಬಿಸಿ ಅಂತಾರೆ, ಗಳಿಸಿದ ಕ್ರೆಡಿಟ್ ಕೂಡಿಡೋ ಆನ್‌ಲೈನ್ ಖಾತೆ ಇದ್ದ ಹಾಗೆ. ಅದಾದ್ಮೇಲೆ 2023ರಲ್ಲಿ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್ ಬಂತು, ಶಾಲೆ, ಕಾಲೇಜು, ಕೌಶಲ್ಯ ತರಬೇತಿ ಎಲ್ಲಕ್ಕೂ ಒಂದೇ ಲೆಕ್ಕ ಇರ್ಲಿ ಅಂತ. ವರ್ಷಕ್ಕೆ 1200 ಗಂಟೆ ಕಲಿಕೆ, ಅದಕ್ಕೆ 40 ಕ್ರೆಡಿಟ್, ಅಂದ್ರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಯುಜಿಸಿ ಲೆಕ್ಕದಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120, ನಾಲ್ಕು ವರ್ಷದ್ದಕ್ಕೆ 160. ನಮ್ಮ ಕರ್ನಾಟಕದ ಯೂನಿವರ್ಸಿಟಿಗಳ ಒಟ್ಟು ಕ್ರೆಡಿಟ್ ಇದೇ ಇರ್ಬೇಕು ಅಂತಿಲ್ಲ, ಹಾಗಾಗಿ ನಿಮ್ಮ ನಾಲ್ಕೂ ಮಾರ್ಕ್ಸ್ ಕಾರ್ಡ್ ಮುಂದಿಟ್ಕೊಂಡು ಕ್ರೆಡಿಟ್ ಕಾಲಂ ಕೂಡ್ಸಿ, ಆ ನಂಬರೇ ನಿಮ್ದು.

ಈಗ ಮೈಸೂರಿನ ವಿಷಯ. ಎಬಿಸಿ ನಿಯಮದ ಪ್ರಕಾರ ಡಿಗ್ರಿ ಕೊಡೋ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರ್ಬೇಕು. ಇದು ಯಾರೂ ಹೇಳಲ್ಲ ನೋಡಿ. ನಿಮ್ಮತ್ರ 80 ಇದೆ ಅಂತ ಇಟ್ಕೊಳ್ಳೋಣ, ಡಿಗ್ರಿಗೆ 120 ಬೇಕು ಅಂದ್ರೆ ಹೊಸ ಯೂನಿವರ್ಸಿಟಿಯಲ್ಲಿ 60 ಗಳಿಸ್ಲೇಬೇಕು, ಆಗ ನಿಮ್ಮ 80ರಲ್ಲಿ ಲೆಕ್ಕಕ್ಕೆ ಬರೋದು 60 ಮಾತ್ರ. ಮಿಕ್ಕ 20 ಕ್ರೆಡಿಟ್ ಅಂದ್ರೆ ಒಂದು ಸೆಮಿಸ್ಟರ್ ಓದಿದ್ದು ಹೋಯ್ತು ಅಂತ ಅರ್ಥ. ಅದೇ ಹಳೇ ಯೂನಿವರ್ಸಿಟಿಗೇ ವಾಪಸ್ ಹೋದ್ರೆ ಈ ತೊಂದ್ರೆ ಇಲ್ಲ. ಅಷ್ಟೇ ಅಲ್ಲ, ಸೀಟ್ ಖಾಲಿ ಇರ್ಬೇಕು, ಸಿಲಬಸ್ ಹೊಂದ್ಬೇಕು, ಅವ್ರು ಒಪ್ಬೇಕು. ಕ್ರೆಡಿಟ್ ಇದೆ ಅಂತ ಯಾರೂ ಸೀಟ್ ಕೊಡ್ಲೇಬೇಕು ಅಂತ ಕಾನೂನಿಲ್ಲ.

ಇನ್ನೊಂದು, ನಿಮ್ಮ ವಿಷಯದಲ್ಲಿ ಇದೇ ಮುಖ್ಯ. ನಮ್ಮ ರಾಜ್ಯ 2024-25ರಿಂದ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು, ಸಿಲಬಸ್ಸೂ ಬದಲಾಯ್ತು, ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಅಂತಾರಲ್ಲ ಅದು. ನಿಮ್ಮ ಜೂನಿಯರ್ಸ್ 2023ರ ಬ್ಯಾಚ್ ಎನ್‌ಇಪಿಯವ್ರು, ಅವ್ರು ಮೂರನೇ ವರ್ಷ ಓದಿದ್ದು 2025-26ರಲ್ಲಿ. 2026-27ಕ್ಕೆ ಐದನೇ ಸೆಮಿಸ್ಟರ್‌ಗೆ ಬರೋದು ಎಸ್‌ಇಪಿಯ ಮೊದಲ ಬ್ಯಾಚ್. ಅಂದ್ರೆ ನೀವು ಕೂರೋ ಕ್ಲಾಸಿನವ್ರು ಓದಿದ ಪೇಪರ್ ಬೇರೆ, ನೀವು ಓದಿದ್ದು ಬೇರೆ. ಅದಕ್ಕೆ ಈಕ್ವಿವಲೆನ್ಸ್ ಮಾಡ್ಬೇಕು, ನಿಮ್ಮ ಯಾವ ಪೇಪರ್ ಅವ್ರ ಯಾವ ಪೇಪರ್‌ಗೆ ಸಮ ಅಂತ. ಇದನ್ನ ಪ್ರಿನ್ಸಿಪಾಲ್ ಬಾಯಿಮಾತಲ್ಲಿ ಹೇಳೋಕಾಗಲ್ಲ, ಯೂನಿವರ್ಸಿಟಿ ಹೇಳ್ಬೇಕು. ಕಾಲೇಜ್ ಮೂಲಕ ರಿಜಿಸ್ಟ್ರಾರ್‌ಗೆ ಅರ್ಜಿ ಕೊಡಿ, ಜೊತೆಗೆ ನಾಲ್ಕೂ ಮಾರ್ಕ್ಸ್ ಕಾರ್ಡ್, ಪ್ರತಿ ಪೇಪರ್ ಸಿಲಬಸ್ ಕಾಪಿ ಇಡಿ. ಉತ್ತರ ಲಿಖಿತವಾಗಿ ಬಂದ್ಮೇಲೇ ಫೀಸ್ ಕಟ್ಟಿ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ, ಬರವಣಿಗೆಯಲ್ಲಿ ತಗೊಳ್ಳಿ.

ತಡ ಮಾಡ್ಬೇಡಿ. ಯುಜಿಸಿ 2022ರಲ್ಲಿ ತಂದ ಡಿಗ್ರಿ ಕೋರ್ಸ್‌ಗಳ ಚೌಕಟ್ಟಿನಲ್ಲಿ ಬಿಟ್ಟು ಹೋದವ್ರು ಮೂರು ವರ್ಷದ ಒಳಗೆ ವಾಪಸ್ ಸೇರ್ಬೇಕು, ಒಟ್ಟು ಏಳು ವರ್ಷದಲ್ಲಿ ಡಿಗ್ರಿ ಮುಗಿಸ್ಬೇಕು. ನೀವು 2024ರಲ್ಲಿ ಬಿಟ್ಟಿದ್ದು, 2027 ದಾಟಿಸ್ಬೇಡಿ.

ಪ್ರಶ್ನೆ (ವಿರಾಜಪೇಟೆಯಿಂದ, ಒಬ್ರು ತಾಯಿ):
ಸರ್, ನಮ್ಮ ಮಗನ ಎಬಿಸಿ ಐಡಿ ಮಾಡಿದೀವಿ, ಆದ್ರೆ ಓಪನ್ ಮಾಡಿದ್ರೆ ಕ್ರೆಡಿಟ್ ಸೊನ್ನೆ ತೋರಿಸ್ತಿದೆ, ಎರಡು ವರ್ಷ ಓದಿದಾನೆ. ಆಧಾರ್‌ನಲ್ಲಿ ಮನೆತನದ ಹೆಸರು ಸೇರಿ ಪೂರ್ತಿ ಇದೆ, ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್. ಅದಕ್ಕಾ? ನಾವೇ ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಮಾಡ್ಬಹುದಾ?

ಉತ್ತರ:
ಮೇಡಂ, ನೀವು ಅಪ್‌ಲೋಡ್ ಮಾಡೋಕಾಗಲ್ಲ. ಎಬಿಸಿಗೆ ಕ್ರೆಡಿಟ್ ಹಾಕೋ ಅಧಿಕಾರ ಸಂಸ್ಥೆಗೆ ಮಾತ್ರ, ವಿದ್ಯಾರ್ಥಿ ನೋಡ್ಬಹುದು ಅಷ್ಟೇ. ಹಾಗಿರೋದೇ ಸರಿ, ಇಲ್ಲಾಂದ್ರೆ ಯಾರು ಏನು ಬೇಕಾದ್ರೂ ಹಾಕ್ತಿದ್ರು.

ಹೆಸರಿನ ವಿಷಯ ನೀವು ಸರಿಯಾಗೇ ಹಿಡಿದಿದೀರ. ಕೊಡವರ ಮನೆಗಳಲ್ಲಿ ಇದು ತುಂಬಾ ಆಗುತ್ತೆ, ಮನೆತನದ ಹೆಸರು ಒಂದು ದಾಖಲೆಯಲ್ಲಿ ಮುಂದೆ ಪೂರ್ತಿ ಇರುತ್ತೆ, ಇನ್ನೊಂದರಲ್ಲಿ ಒಂದಕ್ಷರ, ಮತ್ತೊಂದರಲ್ಲಿ ಅಪ್ಪನ ಹೆಸರಿನ ಜೊತೆ ಸೇರ್ಕೊಂಡಿರುತ್ತೆ. ಎಬಿಸಿ ಐಡಿ ಡಿಜಿಲಾಕರ್ ಮೂಲಕ ಆಧಾರ್ ವಿವರದ ಮೇಲೆ ಆಗಿರೋದು. ಯೂನಿವರ್ಸಿಟಿ ಕಳಿಸೋ ಡೇಟಾದಲ್ಲಿ ಹೆಸರು, ಹುಟ್ಟಿದ ದಿನಾಂಕ ಬೇರೆ ಇದ್ರೆ ಅದು ಹೊಂದಲ್ಲ, ಕ್ರೆಡಿಟ್ ಕೂರಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೇಗಿದೆಯೋ ಅದೇ ಥರ ಆಧಾರ್ ತಿದ್ದಿಸೋದು ಸಾಮಾನ್ಯವಾಗಿ ಸುಲಭ, ಯಾಕಂದ್ರೆ ಮುಂದಿನ ಎಲ್ಲಾ ಮಾರ್ಕ್ಸ್ ಕಾರ್ಡೂ ಅದನ್ನೇ ಹಿಡ್ಕೊಂಡು ಬಂದಿರುತ್ತೆ. ಆದ್ರೆ ಆಧಾರ್ ತಿದ್ದೋ ಮುಂಚೆ ಕಾಲೇಜಿನ ಆಫೀಸಲ್ಲಿ ಕೇಳಿ, 12 ಅಂಕಿಯ ಆ ಐಡಿ ಪರೀಕ್ಷಾ ಅರ್ಜಿಯಲ್ಲಿ ಎಂಟ್ರಿ ಆಗಿದೆಯಾ ಅಂತ. ಎಷ್ಟೋ ಕಡೆ ಹೆಸರೂ ಸರಿ ಇರುತ್ತೆ, ಐಡಿಯೂ ಇರುತ್ತೆ, ಆ ಐಡಿಯನ್ನ ಯೂನಿವರ್ಸಿಟಿಗೆ ಕಳ್ಸಿರೋದೇ ಇಲ್ಲ. ಇದು ಮಗು ತಪ್ಪಲ್ಲ, ಆದ್ರೆ ನಷ್ಟ ಮಗುಗೇ. ನನಗೆ ಇದ್ರಲ್ಲಿ ನಿಜವಾಗ್ಲೂ ಬೇಜಾರಿದೆ, ದೇಶಕ್ಕೆಲ್ಲ ಒಂದು ವ್ಯವಸ್ಥೆ ಕಟ್ಟಿ ಕೊನೆಗೆ ಅದನ್ನ ಒಬ್ಬ ಗುಮಾಸ್ತನ ಬಿಡುವಿಗೆ ಬಿಟ್ರೆ ಹೇಗೆ, ಪ್ರತಿ ಕಾಲೇಜಲ್ಲೂ ಇದಕ್ಕೇ ಅಂತ ಒಬ್ಬ ನೋಡಲ್ ಆಫೀಸರ್‌ಗೆ ಸಮಯ ಕೊಡ್ಬೇಕು.

ಅಷ್ಟರ ತನಕ ಮೂಲ ಮಾರ್ಕ್ಸ್ ಕಾರ್ಡ್ ಜೋಪಾನ. ಎಬಿಸಿಯಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಪಾಸಾಗಿದ್ದು ಫೇಲ್ ಆಗಲ್ಲ.

ಪ್ರಶ್ನೆ (ಮಡಿಕೇರಿ, ಹೋಂಸ್ಟೇ ಕೆಲಸದಲ್ಲಿರೋ ಹುಡುಗ):
ಅಣ್ಣಾ, ಪಿಯುಸಿ ಆದ್ಮೇಲೆ ಓದಿಲ್ಲ, ಐದು ವರ್ಷದಿಂದ ಹೋಂಸ್ಟೇ ನಡೆಸ್ತಿದೀನಿ. ಕೆಲಸದ ಅನುಭವಕ್ಕೂ ಕ್ರೆಡಿಟ್ ಸಿಗುತ್ತೆ ಅಂತ ಒಬ್ರು ದುಡ್ಡು ಕೇಳ್ತಿದಾರೆ, ಸರ್ಟಿಫಿಕೇಟ್ ಮಾಡ್ಸಿ ಕೊಡ್ತೀನಿ ಅಂತ.

ಉತ್ತರ:
ಕೊಡ್ಬೇಡಪ್ಪ, ಒಂದು ರೂಪಾಯಿನೂ ಕೊಡ್ಬೇಡ. ಮೇಲೆ ಹೇಳಿದ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್‌ನಲ್ಲಿ ಅನುಭವಕ್ಕೆ ಬೆಲೆ ಇದೆ ನಿಜ, ಆದ್ರೆ ಅಸೆಸ್‌ಮೆಂಟ್ ಇಲ್ದೆ ಕ್ರೆಡಿಟ್ ಇಲ್ಲ, ಅದು ಮೂಲ ನಿಯಮ. ಐದು ವರ್ಷ ಕೆಲಸ ಮಾಡಿದೀನಿ ಅನ್ನೋ ಪತ್ರ ಸಾಕಾಗಲ್ಲ, ಮಾನ್ಯತೆ ಇರೋ ಸಂಸ್ಥೆ ನಿನ್ನ ಕೆಲಸ ಪರೀಕ್ಷೆ ಮಾಡ್ಬೇಕು. ಕೌಶಲ್ಯ ಕೋರ್ಸ್ ಆದ್ರೆ ಎನ್‌ಸಿವಿಇಟಿ (ವೃತ್ತಿ ಶಿಕ್ಷಣ, ತರಬೇತಿಯ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಆ ಕೋರ್ಸಿಗೆ ಎಷ್ಟು ಕ್ರೆಡಿಟ್, ಯಾವ ಲೆವೆಲ್ ಅಂತ ಬರೆದಿದೆಯಾ ನೋಡು. ಲೆವೆಲ್ ಅಂದ್ರೆ ಓದಿನ ಮಟ್ಟ, ಹನ್ನೆರಡನೇ ಕ್ಲಾಸು ಲೆವೆಲ್ 4, ಡಿಗ್ರಿ ಮೊದಲ್ನೇ ವರ್ಷ 4.5, ಎರಡನೇದು 5, ಮೂರನೇದು 5.5. ನಿಂಗೆ ಡಿಗ್ರಿನೇ ಬೇಕು, ಕೆಲಸ ಬಿಡೋಕಾಗಲ್ಲ ಅಂದ್ರೆ ಮೈಸೂರಿನ ಮುಕ್ತ ವಿವಿಯಲ್ಲಿ ವಿಚಾರಿಸು, ನಿನ್ನ ಥರದವ್ರಿಗೆ ಅದು ಒಳ್ಳೇ ದಾರಿ.

ಪ್ರಶ್ನೆ (ಗೋಣಿಕೊಪ್ಪ, ಅತಿಥಿ ಉಪನ್ಯಾಸಕಿ):
ಸರ್, 30 ಗಂಟೆಗೆ ಒಂದು ಕ್ರೆಡಿಟ್ ಅಂತೀರ, ನಮ್ಮಲ್ಲಿ ವಾರಕ್ಕೊಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಸೆಮಿಸ್ಟರ್‌ಗೆ 15 ಗಂಟೆ ಅಷ್ಟೇ ಆಗುತ್ತೆ. ಮತ್ತೆ ಸ್ವಯಂ (ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ) ಕೋರ್ಸ್ ಮಾಡೋಕೆ ಮಕ್ಕಳಿಗೆ ಹೇಳ್ಬಹುದಾ?

ಉತ್ತರ:
ಎರಡೂ ಸರಿ ಮೇಡಂ. 15 ಅನ್ನೋದು ಕ್ಲಾಸಲ್ಲಿ ನೀವು ಪಾಠ ಮಾಡೋ ಗಂಟೆ, 30 ಅನ್ನೋದು ಮಗು ಒಟ್ಟು ಕಲಿಯೋಕೆ ಹಾಕೋ ಸಮಯ, ಮನೇಲಿ ಓದೋದು, ಅಸೈನ್‌ಮೆಂಟು, ಪರೀಕ್ಷೆ ಎಲ್ಲಾ ಸೇರಿ. ಪ್ರಾಕ್ಟಿಕಲ್ ಆದ್ರೆ ಒಂದು ಕ್ರೆಡಿಟ್‌ಗೆ 30 ಗಂಟೆ ಲ್ಯಾಬ್‌ನಲ್ಲೇ ಆಗ್ಬೇಕು. ಇಂಟರ್ನ್‌ಶಿಪ್ಪೂ ಹಾಗೇ, 120 ಗಂಟೆಗೆ 4 ಕ್ರೆಡಿಟ್. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ ಇದೆ, ನಮ್ಮ ಕಾಲೇಜುಗಳು ಅವ್ರತ್ರ ಮಾತಾಡಿ ಮಕ್ಕಳಿಗೆ ಅಲ್ಲಿ ಕೆಲಸ ಕಲಿಯೋ ಅವಕಾಶ ಕೇಳ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಕಾಫಿ ಕುಯ್ಲಿನ ಟೈಮಲ್ಲಿ ಮಕ್ಕಳು ಕ್ಲಾಸಿಗೆ ಬರಲ್ಲ ಅಂತ ಅಟೆಂಡೆನ್ಸ್ ಕತ್ತರಿಸ್ತೀವಿ, ಅದೇ ತೋಟದ ಕೆಲಸವನ್ನ ಲೆಕ್ಕಪತ್ರ, ಪಲ್ಪಿಂಗ್, ಗುಣಮಟ್ಟ ಅಂತ ಪ್ರಾಜೆಕ್ಟ್ ಮಾಡ್ಸಿ ಮಾರ್ಗದರ್ಶಕರನ್ನಿಟ್ಟು ಮೌಲ್ಯಮಾಪನ ಮಾಡಿದ್ರೆ ಅದು ಓದು ಅಲ್ವಾ? ಯೂನಿವರ್ಸಿಟಿಯ ಒಪ್ಪಿಗೆ ಬೇಕು, ಆದ್ರೆ ಕೇಳೋಕೆ ಚೌಕಟ್ಟಿನಲ್ಲಿ ಜಾಗ ಇದೆ.

ಸ್ವಯಂ ಖಂಡಿತ ಹೇಳಿ. ಸ್ವಯಂ ಬಗ್ಗೆ ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ 40 ಪರ್ಸೆಂಟ್ ತನಕ ಸ್ವಯಂನಿಂದ ತಗೊಳ್ಳೋಕೆ ಸಂಸ್ಥೆ ಅವಕಾಶ ಕೊಡ್ಬಹುದು. ಆದ್ರೆ ಕಾಲೇಜು ಮೊದ್ಲೇ ಒಪ್ಪಿದ ಕೋರ್ಸ್ ಆಗಿರ್ಬೇಕು, ಮುಗಿಸ್ಕೊಂಡು ಬಂದು ಸೇರ್ಸಿ ಅಂದ್ರೆ ಆಗಲ್ಲ. ವಿಡಿಯೋ ಮನೇಲಿ ನೋಡಿದ್ರೂ ಕೊನೇ ಪರೀಕ್ಷೆಗೆ ಸೆಂಟರ್‌ಗೆ ಹೋಗ್ಬೇಕಾಗುತ್ತೆ, ಮಡಿಕೇರೀಲೇ ಸಿಗುತ್ತೆ ಅಂತ ನಂಬ್ಕೊಂಡು ಕೂರೋದು ಬೇಡ, ರಿಜಿಸ್ಟರ್ ಮಾಡೋವಾಗ್ಲೇ ಊರಿನ ಪಟ್ಟಿ ನೋಡ್ಲಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರಲ್ಲ, ಅಂಥ ಮಕ್ಕಳಿಗೆ ಕಾಲೇಜ್ ಕಂಪ್ಯೂಟರ್ ಲ್ಯಾಬ್ ಸಂಜೆ ತನಕ ತೆರೆದಿಡೋಕೆ ಹೇಳಿ.

ಪ್ರಶ್ನೆ (ಸೋಮವಾರಪೇಟೆ, ಮೊದಲು ಕೇಳಿದವ್ರು):
ಥ್ಯಾಂಕ್ಸ್ ಸರ್. ಇವತ್ತು ಕೂಡ್ಸಿ ನೋಡ್ದೆ, ಎಬಿಸಿಯಲ್ಲಿ ಎರಡು ಸೆಮಿಸ್ಟರ್‌ದು ಮಾತ್ರ ಬಂದಿದೆ. ಇನ್ನೆರಡು ಬರೋ ತನಕ ಕಾಯ್ಲಾ?

ಉತ್ತರ:
ಕಾಯ್ಬೇಡಿ. ಈಕ್ವಿವಲೆನ್ಸ್ ಅರ್ಜಿ ಮೊದ್ಲು ಕೊಡಿ, ಅದಕ್ಕೆ ಮಾರ್ಕ್ಸ್ ಕಾರ್ಡೇ ಆಧಾರ. ಅದರ ಜೊತೆಗೇ ಬಾಕಿ ಎರಡು ಸೆಮಿಸ್ಟರ್ ಕ್ರೆಡಿಟ್ ಹಾಕೋಕೆ ಇನ್ನೊಂದು ಅರ್ಜಿ ಬೇರೆ ಬರೀರಿ, ರಿಜಿಸ್ಟರ್ ನಂಬರ್, ಎಬಿಸಿ ಐಡಿ ಎರಡೂ ಹಾಕಿ. ಎರಡಕ್ಕೂ ಆಫೀಸಿನ ಸೀಲ್ ಹಾಕ್ಸಿದ ಸ್ವೀಕೃತಿ ಕಾಪಿ ಇಸ್ಕೊಳ್ಳಿ. ಅರ್ಜಿ ಬರೆಯೋಕೆ ಕಷ್ಟ ಆದ್ರೆ ಡ್ರಾಫ್ಟ್ ಇಲ್ಲೇ ಹಾಕಿ, ರಿಜಿಸ್ಟರ್ ನಂಬರ್, ಐಡಿ ಮಾತ್ರ ಅಳಿಸಿ ಹಾಕಿ, ನಾನು ತಿದ್ದಿ ಕೊಡ್ತೀನಿ.